ಇಗರ್ಜಿಯ ತೆಂಕು ಗೋಡೆ: ಸಿಮೆಂಟು ಕಿತ್ತು ಸುಣ್ಣದ ಗಾರೆ ಹಾಕಿದ ಕೆಲಸದ ದಾಖಲೆ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮೂಡುದಿಕ್ಕಿಗೆ, ಅಡಿಕೆ ತೋಟಗಳ ನಡುವಿನ ಗುಡ್ಡದ ಮೇಲಿರುವ ನಮ್ಮ ಊರಿನ ಇಗರ್ಜಿಯ ತೆಂಕು ಗೋಡೆಯ ದುರಸ್ತಿ ಈ ಮಳೆಗಾಲಕ್ಕೆ ಮೊದಲು ಮುಗಿಯಿತು. ಚರ್ಚ್ ಪಾಲನಾ ಮಂಡಳಿಯ ಪರವಾಗಿ ಉಸ್ತುವಾರಿ ನೋಡಿಕೊಂಡವನು ನಾನಾದುದರಿಂದ ಅಳತೆ, ಖರ್ಚು, ಫಲಿಸಿದ್ದು ಮತ್ತು ಫಲಿಸದೇ ಹೋದದ್ದು ಎಲ್ಲವನ್ನೂ ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆಗೆ ಸಿಮೆಂಟು ಬಳಿದು ಒಳಗೆ ಉಪ್ಪು ಹೊಮ್ಮುತ್ತಿರುವ ಇಗರ್ಜಿ, ದೇವಸ್ಥಾನ, ಶಾಲೆ, ತರವಾಡು ಮನೆಗಳು ನಮ್ಮ ಗಡಿನಾಡಿನಲ್ಲಿ ಬಹಳ ಇವೆ. ಅಂತಹ ಗೋಡೆಯ ಮುಂದೆ ನಿಂತು ಏನು ಮಾಡುವುದೆಂದು ಯೋಚಿಸುತ್ತಿರುವವರಿಗೆ ಈ ದಾಖಲೆ ನೆರವಾಗಬಹುದು.

ಕಟ್ಟಡದ ಅಳತೆ ಮೊದಲು ಹೇಳುತ್ತೇನೆ. ಜನರು ಕುಳಿತುಕೊಳ್ಳುವ ಭಾಗ 72 ಅಡಿ ಉದ್ದ, 28 ಅಡಿ ಅಗಲ. ಗೋಡೆಯ ಎತ್ತರ 18 ಅಡಿ, ದಪ್ಪ 27 ಅಂಗುಲ. ಪೀಠ ಮೂಡಕ್ಕೆ, ಮುಖ ಪಡುವಕ್ಕೆ. ತೆಂಕು ಗೋಡೆಯಲ್ಲಿ ಮೇಲ್ತುದಿ ಚೂಪಾದ ಕಮಾನಿನ ನಾಲ್ಕು ಕಿಟಕಿಗಳಿವೆ. ನಮ್ಮ ಸೀಮೆಯಲ್ಲಿ ಗಾಥಿಕ್ ಮಾದರಿಯ ಇಗರ್ಜಿ ಎಂದರೆ 1890ರಲ್ಲಿ ಕಟ್ಟಿದ ಬೇಳದ ಶೋಕಮಾತೆಯ ಇಗರ್ಜಿಯೇ ಎಲ್ಲರ ನೆನಪಿಗೆ ಬರುತ್ತದೆ. ನಮ್ಮದು ಅದಕ್ಕಿಂತ ಬಹಳ ಚಿಕ್ಕದು ಮತ್ತು ಸರಳವಾದದ್ದು. ಗೋಪುರವಿಲ್ಲ, ಕಟ್ಟಿದ ವರ್ಷವನ್ನು ಹೇಳುವ ಕಲ್ಲೂ ಇಲ್ಲ.

1. ಪರೀಕ್ಷೆ (ನವೆಂಬರ್)

ಗೋಡೆಯ ಒಳಮೈಯಲ್ಲಿ ನೆಲದಿಂದ ಐದು ಅಡಿಯವರೆಗೆ ಬಣ್ಣ ಗುಳ್ಳೆಯೆದ್ದು ಉದುರುತ್ತಿತ್ತು. ಬೆರಳಿನಿಂದ ಒರೆಸಿದರೆ ಬಿಳಿಯ ಉಪ್ಪಿನ ಪುಡಿ ಬರುತ್ತಿತ್ತು. ಎರಡು ವರ್ಷಕ್ಕೊಮ್ಮೆ ಹೊಸ ಬಣ್ಣ ಬಳಿಯುವುದು, ಮುಂದಿನ ಆಟಿ ತಿಂಗಳ ಮಳೆಗೆ ಅದು ಏಳುವುದು ರೂಢಿಯೇ ಆಗಿಹೋಗಿತ್ತು. ಹೊರಮೈಗೆ ಸುಮಾರು 40 ವರ್ಷಗಳ ಹಿಂದೆ ಸಿಮೆಂಟಿನ ಗಾರೆ ಹಾಕಲಾಗಿದೆ. ಅದರ ಮೇಲೆ ಬಣ್ಣದ ಪದರಗಳು.

ಮರದ ಕೊಡತಿಯಿಂದ ಹೊರಮೈಯನ್ನು ಅಡಿ ಅಡಿಗೆ ತಟ್ಟಿ, ಟೊಳ್ಳು ಸದ್ದು ಬಂದ ಕಡೆಯಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದೆವು. ಗೋಡೆಯ ಅರ್ಧಕ್ಕಿಂತ ಹೆಚ್ಚು ಭಾಗ ಗೆರೆಯ ಒಳಗೇ ಸೇರಿತು. ಸಿಮೆಂಟು ಕಲ್ಲಿನಿಂದ ಬಿಟ್ಟುಕೊಂಡಿತ್ತು, ಕೂದಲೆಳೆಯಂತಹ ಬಿರುಕುಗಳಿಂದ ಒಳಹೊಕ್ಕ ಮಳೆನೀರು ಆ ಸಂದಿನಲ್ಲಿ ನಿಂತುಕೊಂಡಿತ್ತು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ನೈರುತ್ಯದಿಂದ ಓರೆಯಾಗಿ ಬಂದು ತೆಂಕು ಮತ್ತು ಪಡು ಗೋಡೆಗಳಿಗೇ ಬಡಿಯುತ್ತದೆ. ಹೊರಗಡೆ ಆವಿಯಾಗಲು ದಾರಿಯಿಲ್ಲದ ನೀರು 27 ಅಂಗುಲ ದಾಟಿ ಒಳಗಡೆಗೆ ಬರುತ್ತಿತ್ತು.

ಇದು ಊಹೆಯೋ ನಿಜವೋ ಎಂದು ತಿಳಿಯಲು ಎರಡನೆಯ ಮತ್ತು ಮೂರನೆಯ ಕಿಟಕಿಗಳ ನಡುವೆ ಎರಡು ಅಡಿ ಅಗಲದ ಒಂದು ಪಟ್ಟಿಯಷ್ಟು ಸಿಮೆಂಟನ್ನು ಕಲ್ಲಿನವರೆಗೆ ತೆಗೆಸಿ ಹಾಗೆಯೇ ಬಿಟ್ಟೆವು. ಒಳಗಡೆ, ಆ ಪಟ್ಟಿಯ ಹಿಂಬದಿಗೆ ಒಂದು ಮತ್ತು ಅದರಿಂದ ದೂರಕ್ಕೆ ಇನ್ನೊಂದು ಪ್ಲಾಸ್ಟಿಕ್ ಹಾಳೆಯನ್ನು ಅಂಚು ಬಿಗಿಯಾಗಿ ಅಂಟಿಸಿದೆವು. ಕ್ರಿಸ್‌ಮಸ್ ಹೊತ್ತಿಗೆ ದೂರದ ಹಾಳೆಯ ಒಳಮೈಯಲ್ಲಿ ಇನ್ನೂ ಹನಿ ಕಟ್ಟುತ್ತಿತ್ತು. ಪಟ್ಟಿಯ ಹಿಂದಿನ ಹಾಳೆ ಒಣಗಿತ್ತು. ಮಂಡಳಿಯ ಸಭೆಯಲ್ಲಿ ನೀರುತಡೆ ರಾಸಾಯನಿಕ ಬಳಿಯುವ ಪ್ರಸ್ತಾಪವೂ ಇತ್ತು. ಈ ಎರಡು ಹಾಳೆಗಳನ್ನು ತೋರಿಸಿದ ಮೇಲೆ ಅದನ್ನು ಕೈಬಿಡಲಾಯಿತು.

ತೂಗುಗುಂಡು ಇಳಿಬಿಟ್ಟು ನೋಡಿದಾಗ ಅದೇ ಜಾಗದಲ್ಲಿ ಗೋಡೆ 18 ಮಿಲಿಮೀಟರಿನಷ್ಟು ಹೊರಗೆ ಉಬ್ಬಿತ್ತು. ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಕಾದೆವು. ಗಾಜು ಒಡೆಯಲಿಲ್ಲ. ಉಬ್ಬು ಹಳೆಯದು, ಈಗ ಚಲಿಸುತ್ತಿಲ್ಲ ಎಂದು ಅದನ್ನು ಮುಟ್ಟಲಿಲ್ಲ.

2. ಮೊದಲು ಹಂಚಿನ ಮಾಡು (ಜನವರಿ)

ಮಾಡು, ಅಂದರೆ ಛಾವಣಿ, ಸೋರುತ್ತಿರುವಾಗ ಗೋಡೆಗೆ ಕೈ ಹಾಕಿದರೆ ಕೆಲಸ ಎರಡು ಸಲವಾಗುತ್ತದೆ. ತೆಂಕುಬದಿಯ ಇಳಿಜಾರು ಸುಮಾರು 1,500 ಚದರಡಿ. 100 ಚದರಡಿಗೆ ಸುಮಾರು 140ರ ಲೆಕ್ಕದಲ್ಲಿ 2,100 ಹಂಚುಗಳನ್ನು ಇಳಿಸಿ, ತೊಳೆದು, ತಟ್ಟಿ ನೋಡಿ, ಮತ್ತೆ ಏರಿಸಿದೆವು. ಒಡೆದವು 260. ಅವುಗಳ ಬದಲಿಗೆ ಕಳಚಿದ ಒಂದು ಹಳೆಯ ಮನೆಯ ಹಂಚುಗಳನ್ನು ಕೊಂಡೆವು, ಏಕೆಂದರೆ ಹೊಸ ಹಂಚಿನ ಕಚ್ಚು ಹಳೆಯದರ ಕಚ್ಚಿಗೆ ಕೂರಲಿಲ್ಲ. ಹಂಚು ಕೂರುವ ರೀಪುಗಳನ್ನು ಬಹುಪಾಲು ಬದಲಾಯಿಸಬೇಕಾಯಿತು. ರೀಪುಗಳನ್ನು ಹೊರುವ ಪಕ್ಕಾಸುಗಳು ಕಿರಾಲುಬೋಗಿ ಎಂಬ ಗಟ್ಟಿ ಮರದವು, ಗೋಡೆಯ ಮೇಲೆ ಕೂರುವ ತುದಿಯಲ್ಲಿ ಎರಡಕ್ಕೆ ಮಾತ್ರ ಗೆದ್ದಲು ಹತ್ತಿತ್ತು, ಉಳಿದವು ಉಳಿಗೂ ಜಗ್ಗುವುದಿಲ್ಲ.

ಹಂಚು ಇಳಿಸುವಾಗ ಪ್ರತಿಯೊಂದರ ಅಡಿಭಾಗ ನೋಡಿ ಬೇರೆ ಬೇರೆ ರಾಶಿ ಹಾಕಿಸಿದ್ದು ಒಳ್ಳೆಯದಾಯಿತು. ಪೀಠದ ಕಡೆಯ ಮೂರನೇ ಎರಡು ಭಾಗದ ಮಾಡಿನಲ್ಲಿ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಕಾರ್ಖಾನೆಯ ಅಚ್ಚಿನ ಹಂಚುಗಳೇ ಹೆಚ್ಚು ಇದ್ದವು. ಪಡುವಣ ತುದಿಯಲ್ಲಿ, ಹಾಡುವವರು ನಿಲ್ಲುವ ಅಟ್ಟದ ಮೇಲ್ಭಾಗದಲ್ಲಿ, ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಅಚ್ಚಿನವು. ಹಂಚಿನ ಮೇಲೆ 1865 ಎಂದು ಇರುವುದನ್ನು ಕಂಡು ಇಗರ್ಜಿಯೂ ಆ ವರ್ಷದ್ದೇ ಎಂದು ನಮ್ಮಲ್ಲಿ ಕೆಲವರು ಸಂತೋಷಪಟ್ಟರು. ಅದು ಸರಿಯಲ್ಲ. 1865 ಎಂಬುದು ಮಂಗಳೂರಿನಲ್ಲಿ ನೇತ್ರಾವತಿಯ ದಂಡೆಯಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷ. ಮುಂದೆ ದಶಕಗಳ ಕಾಲ ತಯಾರಾದ ಹಂಚುಗಳ ಮೇಲೂ ಅದೇ ಅಂಕೆ ಇದೆ. ಮೊದಲನೆಯ ಮಹಾಯುದ್ಧದ ಬಳಿಕ ಮಿಶನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಆದ್ದರಿಂದ ಮೂಲ ಕಟ್ಟಡದ ಹಂಚು ಯುದ್ಧಕ್ಕೆ ಮುಂಚಿನದು, ಪಡುವಣ ತುದಿಯ ಮಾಡು ಅದರ ನಂತರದ್ದು ಎಂಬಷ್ಟನ್ನು ಮಾತ್ರ ಹೇಳಬಹುದು. ರೈಲು 1907ರಲ್ಲಿ ಮಂಗಳೂರು ತಲುಪುವ ಮೊದಲು ಹಂಚಿನಂತಹ ಭಾರದ ಸರಕು ಈ ಕರಾವಳಿಯಲ್ಲಿ ಸಾಗುತ್ತಿದ್ದದ್ದು ಮಂಜಿ ಎಂಬ ಸರಕು ದೋಣಿಗಳಲ್ಲಿ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು.

ಅಟ್ಟದ ಭಾಗ ಆಮೇಲೆ ಸೇರಿಸಿದ್ದೆಂಬುದು ಗೋಡೆಯನ್ನು ಬಿಚ್ಚಿದಾಗ ಇನ್ನಷ್ಟು ಸ್ಪಷ್ಟವಾಯಿತು.

3. ಸಿಮೆಂಟು ಕೀಳುವುದು (ಫೆಬ್ರವರಿ)

ಗುತ್ತಿಗೆಗೆ ಬಂದವರು ಕಾಂಕ್ರೀಟು ಒಡೆಯುವ ವಿದ್ಯುತ್ ಯಂತ್ರ ತಂದಿದ್ದರು. ಮೂಲೆಯಲ್ಲಿ ನಾಲ್ಕು ಚದರಡಿ ಜಾಗದಲ್ಲಿ ಪ್ರಯತ್ನಿಸಿದಾಗ ಸಿಮೆಂಟಿನ ಜೊತೆ ಮುರಕಲ್ಲಿನ ಮುಖವೂ ಒಂದು ಅಂಗುಲದಷ್ಟು ಕಿತ್ತು ಬಂತು. ಮುರಕಲ್ಲಿಗೆ ಗಾಳಿ ತಾಗಿ ಗಟ್ಟಿಯಾದ ಮೈ ಹೊರಗಿನದು. ಅದು ಹೋದರೆ ಒಳಗಿನದು ಮೆದು. ಯಂತ್ರವನ್ನು ಅಲ್ಲಿಗೇ ನಿಲ್ಲಿಸಿ ಅಗಲ ಬಾಯಿಯ ಉಳಿ ಮತ್ತು ಎರಡು ಪೌಂಡಿನ ಸುತ್ತಿಗೆಯಿಂದ ಕೆಲಸ ಮಾಡಿಸಿದೆವು. ಉಳಿಯನ್ನು ಗೋಡೆಗೆ ನೇರವಾಗಿ ಹಿಡಿಯದೆ, ಟೊಳ್ಳು ಭಾಗದ ಅಂಚಿನಿಂದ ಓರೆಯಾಗಿ ತೂರಿಸಿ ಮೀಟಿದರೆ ಸಿಮೆಂಟು ಚಪ್ಪಡಿಯಾಗಿ ಏಳುತ್ತದೆ. ಗಟ್ಟಿಯಾಗಿ ಹಿಡಿದಿದ್ದ ಕಡೆ, ಕಲ್ಲಿಗೆ ಪೆಟ್ಟಾಗುತ್ತದೆಂದು ಕಂಡಲ್ಲಿ, ಅಂಗೈಯಗಲದ ತುಂಡುಗಳನ್ನು ಹಾಗೆಯೇ ಬಿಟ್ಟಿದ್ದೇವೆ. ಎಲ್ಲವನ್ನೂ ತೆಗೆಯಲೇಬೇಕೆಂಬ ಹಟಕ್ಕಿಂತ ಕಲ್ಲು ಉಳಿಯುವುದು ಮುಖ್ಯ.

ಮೂರನೆಯ ಕಿಟಕಿಯನ್ನು ದಾಟಿದ ಮೇಲೆ ಉಳಿಗೆ ಬೇರೆಯೇ ಸದ್ದು ಕೇಳಿತು. ಸಿಮೆಂಟಿನ ಅಡಿಯಲ್ಲಿ ಹಳೆಯ ಸುಣ್ಣದ ಗಾರೆ, ಅದರ ಅಡಿಯಲ್ಲಿ ಮುಚ್ಚಿಹೋದ ಒಂದು ಬಾಗಿಲು. ಅಗಲ 4 ಅಡಿ, ಕಮಾನಿನ ತುದಿಯವರೆಗೆ ಎತ್ತರ 8 ಅಡಿ 3 ಅಂಗುಲ. ಕಮಾನಿನ ಕಲ್ಲುಗಳನ್ನು ಕೆಳಗೆ ಕಿರಿದಾಗಿ, ಮೇಲೆ ಅಗಲವಾಗಿ ಎಷ್ಟು ನಯವಾಗಿ ಕಡಿದಿದ್ದಾರೆಂದರೆ ಎರಡು ಕಲ್ಲುಗಳ ನಡುವೆ ಕರಣೆಯ ತುದಿಯೂ ಹೋಗುವುದಿಲ್ಲ. ಬಾಗಿಲನ್ನು ತುಂಬಿದ್ದು ಮಾತ್ರ ಗಾತ್ರವೊಂದಿಲ್ಲದ ಒಡಕು ಕಲ್ಲು ಮತ್ತು ಮಣ್ಣಿನಿಂದ. ತುಂಬಿದ ಭಾಗದ ಮೇಲೂ ಸುಣ್ಣದ ಗಾರೆ ಇದ್ದುದರಿಂದ ಇದು ಸಿಮೆಂಟಿನ ಕಾಲಕ್ಕಿಂತ ಹಿಂದೆಯೇ ಮುಚ್ಚಿದ ಬಾಗಿಲು. ಹೀಗೆಯೇ ಪಡುವಣ ತುದಿಯಿಂದ 22 ಅಡಿ ದೂರದಲ್ಲಿ ನೆಲದಿಂದ ಮಾಡಿನವರೆಗೆ ನೇರವಾದ ಒಂದು ಕೂಡುಗೆರೆ ಕಂಡಿತು. ಅದರ ಎರಡು ಬದಿಯ ಕಲ್ಲುಗಳು ಒಂದಕ್ಕೊಂದು ಹೆಣೆದಿಲ್ಲ. ಅಲ್ಲಿಯವರೆಗೆ ಮೊದಲಿನ ಇಗರ್ಜಿ, ಅಲ್ಲಿಂದ ಆಚೆಗೆ ವಿಸ್ತರಣೆ. ಮಾಡಿನ ಹಂಚು ಬದಲಾದದ್ದೂ ಸರಿಯಾಗಿ ಇದೇ ಗೆರೆಯ ಮೇಲೆ.

ಹಳೆಯ ಗಾರೆಯ ಒಂದು ಚೂರನ್ನು ನಾನು ಇಟ್ಟುಕೊಂಡಿದ್ದೇನೆ. ದಪ್ಪ ಅರ್ಧ ಅಂಗುಲವಷ್ಟೇ. ಮುರಿದ ಅಂಚಿನಲ್ಲಿ ಪೂರ್ತಿ ಸುಡದೆ ಉಳಿದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪಿನ ತುಣುಕುಗಳು ಕಾಣುತ್ತವೆ. ಒಂದರ ಮೇಲೆ ಚಿಪ್ಪಿನ ಗೀರುಗಳು ಇನ್ನೂ ಎಣಿಸುವಷ್ಟು ಸ್ಪಷ್ಟವಾಗಿವೆ. ಹೊರಮೈಯಲ್ಲಿ ಒಂದರ ಮೇಲೊಂದು ಸುಣ್ಣದ ತೆಳು ಪದರಗಳು, ಅಡಿಯಲ್ಲಿ ಕಾವಿಹಳದಿ, ಮೇಲೆ ತಿಳಿನೀಲಿ. ಮರಳು ಒರಟು, ಚೂಪು ಮೂಲೆಯದು. ನಮ್ಮ ಹೊಸ ಗಾರೆಯ ಪಾಕಕ್ಕೆ ಈ ಚೂರೇ ಮಾದರಿಯಾಯಿತು.

ಒಳಗಡೆ, ಪೀಠಕ್ಕೆ ಸಮೀಪ, ಉದುರಿದ ಗಾರೆಯನ್ನು ತೆಗೆದಾಗ ಗೋಡೆಯಲ್ಲಿ 3 ಅಂಗುಲ ಚೌಕದ ಎರಡು ಗುಂಡಿಗಳು ಸಿಕ್ಕಿದವು. ಪರಮ ಪ್ರಸಾದ ಸ್ವೀಕರಿಸಲು ಜನರು ಮೊಣಕಾಲೂರುತ್ತಿದ್ದ ಮರದ ಕಟಕಟೆಯ ತುದಿಗಳು ಕೂರುತ್ತಿದ್ದ ಜಾಗ ಅದು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜಾವಿಧಿ ಲ್ಯಾಟಿನ್‌ನಿಂದ ಜನರ ಭಾಷೆಗೆ ಬಂತು, ಗುರುಗಳು ಜನರಿಗೆ ಮುಖ ಮಾಡಿ ನಿಂತರು, ಪೀಠ ಮುಂದಕ್ಕೆ ಬಂತು. ಕಟಕಟೆ ಹೋದದ್ದು ಆ ಬದಲಾವಣೆಯಲ್ಲಿ. ಗುಂಡಿಗಳನ್ನು ಸುಣ್ಣದಿಂದ ಮಾತ್ರ ತುಂಬಿ, ಮೇಲೆ ಸಣ್ಣ ಗುರುತು ಉಳಿಸಿದ್ದೇವೆ.

4. ಕಲ್ಲು ಬದಲಾಯಿಸುವುದು

ತೀರಾ ಸವೆದ 60 ಕಲ್ಲುಗಳ ಮುಖವನ್ನು ಐದು ಅಂಗುಲ ಆಳಕ್ಕೆ ಕಡಿದು ಹೊಸ ಕಲ್ಲಿನ ತುಂಡು ಕೂರಿಸಬೇಕಾಯಿತು. ಈಗ ಪಾರೆಯಲ್ಲಿ ಯಂತ್ರ ಕೊಯ್ಯುವ ಕಲ್ಲು ಹಳೆಯ ಕಲ್ಲಿಗಿಂತ ಚಿಕ್ಕದು. ದೊಡ್ಡ ಗಾತ್ರದಲ್ಲಿ ಬೇರೆಯಾಗಿ ಕೊಯ್ಯಿಸಿ, ಕೈಯಿಂದ ಕೆತ್ತಿಸಿ, ಒಂದಕ್ಕೆ 75 ರೂಪಾಯಿ ಬಿತ್ತು. ಕೊಯ್ದ ಕೂಡಲೇ ಕಟ್ಟಬಾರದು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ವರದಿಯಲ್ಲಿ ಮಲಬಾರಿನ ಅಂಗಡಿಪುರದ ಬಳಿ ನೋಡಿದ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟಾಗ ಬರೆದದ್ದೂ ಇದನ್ನೇ: ನೆಲದಲ್ಲಿರುವಾಗ ಕಬ್ಬಿಣದ ಆಯುಧದಿಂದ ಸುಲಭವಾಗಿ ಕಡಿಯಬಹುದು, ಹೊರಗೆ ಬಂದು ಗಾಳಿಗೆ ಒಡ್ಡಿಕೊಂಡ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನವೆಂಬರಿನಲ್ಲೇ ತರಿಸಿ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ಕಲ್ಲುಗಳನ್ನು ಬಳಸಿದೆವು. ಒಮ್ಮೆಗೆ ಒಂದು ಸಾಲಿನಲ್ಲಿ ಒಂದು ಬಿಟ್ಟು ಒಂದರಂತೆ ಮಾತ್ರ ಕಡಿಯುವುದೆಂದು ಮೊದಲೇ ನಿಯಮ ಮಾಡಿಕೊಂಡಿದ್ದೆವು, ಉಬ್ಬಿನ ಬಳಿ ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದೆವು.

5. ಸುಣ್ಣ

ಸುಟ್ಟ ಚಿಪ್ಪು 25 ಕಿಲೋ ಚೀಲದ ಲೆಕ್ಕದಲ್ಲಿ 30 ಚೀಲ ತಂದೆವು. ಡಿಸೆಂಬರಿನಲ್ಲೇ ಅಂಗಳದ ಬದಿಯಲ್ಲಿ ಇಟ್ಟಿಗೆ ಕಟ್ಟಿದ ಹೊಂಡದಲ್ಲಿ ನೀರು ತುಂಬಿ, ಚಿಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಅರಳಿಸಲಾಯಿತು. ನೀರಿಗೆ ಚಿಪ್ಪು ಹಾಕಬೇಕೇ ಹೊರತು ಚಿಪ್ಪಿನ ರಾಶಿಗೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಯಾರನ್ನೂ ಹೊಂಡದ ಹತ್ತಿರ ಬಿಡಲಿಲ್ಲ. ಬೆಣ್ಣೆಯಂತಾದ ಸುಣ್ಣವನ್ನು ಜರಡಿಯಲ್ಲಿ ಸೋಸಿ, ಮೇಲೆ ಎರಡು ಅಂಗುಲ ನೀರು ನಿಲ್ಲಿಸಿ, ಮಾರ್ಚ್‌ವರೆಗೆ ಮುಚ್ಚಿಟ್ಟೆವು.

ಪಾಕ ನಿರ್ಧರಿಸಲು ಇಗರ್ಜಿಯ ಹಿಂಬದಿಯ ಕಾಂಪೌಂಡು ಗೋಡೆಯಲ್ಲಿ ಮಾದರಿಗಳನ್ನು ಹಚ್ಚಿದೆವು. ನುಣುಪು ಮರಳಿನಲ್ಲಿ ಒಂದಕ್ಕೆ ಮೂರು ಪಾಲು ಹಾಕಿದ್ದು ಒಣಗುವಾಗ ಜಾಲದಂತೆ ಬಿರಿಯಿತು. ಹಿರಿಯರು ಹೇಳಿದಂತೆ ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ನೀರು ಸೇರಿಸಿದವುಗಳಲ್ಲಿ, ಬೆಲ್ಲ ಹೆಚ್ಚಾದ ಮಾದರಿ ಗಟ್ಟಿಯಾಗದೆ ಅಂಟಂಟಾಗಿ ಉಳಿದು ಬೂಸಲು ಹಿಡಿಯಿತು; ಮಿತವಾಗಿ ಹಾಕಿದ್ದು ಕರಣೆಯ ಅಡಿಯಲ್ಲಿ ಚೆನ್ನಾಗಿ ಓಡಿತು. ಒಂದು ಮಾದರಿಗೆ ಮೇಸ್ತ್ರಿ ಒಂದು ಬೊಗಸೆ ಸಿಮೆಂಟು ಸೇರಿಸಿದರು, “ಇದು ನಾಳೆಗೇ ಗಟ್ಟಿಯಾಗ್ತದೆ, ನೋಡಿ” ಎಂದರು. ಗಟ್ಟಿಯಾಯಿತು. ಎಲ್ಲರಿಗೂ ಅದೇ ಇಷ್ಟವಾಯಿತು. ಒಂದು ತಿಂಗಳ ಬಳಿಕ ತಟ್ಟಿದಾಗ ಟೊಳ್ಳು ಸದ್ದು ಕೊಟ್ಟದ್ದು ಅದೊಂದೇ. ಆ ಮೇಲೆ ಮೇಸ್ತ್ರಿಯವರೇ ಸಿಮೆಂಟಿನ ಚೀಲವನ್ನು ಕೆಲಸದ ಜಾಗದಿಂದ ಹೊರಗೆ ಹಾಕಿಸಿದರು.

ಕೊನೆಗೆ ನಿಂತ ಪಾಕ: ಸೋಸಿದ ಸುಣ್ಣ ಒಂದು ಪಾಲು, ತೊಳೆದ ಒರಟು ಮರಳು ಎರಡು ಪಾಲು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಕಲಸಲು ಬೇಕಾದಷ್ಟು. ಕಡಲ ಮರಳು ಹತ್ತಿರದಲ್ಲೇ ಸಿಗುತ್ತದಾದರೂ ಅದರ ಉಪ್ಪು ಗೋಡೆಗೆ ಮತ್ತೆ ಸೇರುವುದು ಬೇಡವೆಂದು ಮುಟ್ಟಲಿಲ್ಲ.

6. ಗಾರೆ ಹಾಕುವುದು (ಮಾರ್ಚ್, ಏಪ್ರಿಲ್)

ಅಡಿಕೆ ಮರ ಮತ್ತು ಬಿದಿರಿನ ಅಟ್ಟಣಿಗೆ. ಹಿಂದಿನ ಸಂಜೆ ಗೋಡೆಗೆ ನೀರು ಕುಡಿಸಿ, ಬೆಳಿಗ್ಗೆ ಮತ್ತೆ ಚಿಮುಕಿಸಿ, ಮೊದಲ ಪದರವನ್ನು ಕರಣೆಯಿಂದ ಎರಚಿ ಹಾಕಲಾಯಿತು. ಎರಡನೆಯದು ಮಟ್ಟಗೋಲಿನಿಂದ ಸಮ ಮಾಡುವುದು, ಮೂರನೆಯದು ನಯ ಪದರ. ಒಟ್ಟು ದಪ್ಪ 20 ಮಿಲಿಮೀಟರ್ ಮೀರದಂತೆ ನೋಡಿಕೊಂಡೆವು. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಒಂದು ವಾರ. ಮರದ ಹಲಗೆಯಿಂದ ಉಜ್ಜಿದ್ದು. ಕಬ್ಬಿಣದ ಹಲಗೆಯಿಂದ ಹೊಳಪು ಕೊಟ್ಟರೆ ಮೇಲ್ಮೈ ಮುಚ್ಚಿಕೊಂಡು ಒಳಗಿನ ಸುಣ್ಣ ಗಟ್ಟಿಯಾಗುವುದಿಲ್ಲ.

ಏಪ್ರಿಲಿನ ಬಿಸಿಲು ಇಲ್ಲಿ ದೊಡ್ಡ ತೊಡಕು. ನಾಲ್ಕನೆಯ ಕಿಟಕಿಯ ಬದಿಯ ಅಂಕಣದಲ್ಲಿ ಮಧ್ಯಾಹ್ನದ ಗಾಳಿಗೆ ಎರಡನೆಯ ಪದರ ಬೇಗನೆ ಒಣಗಿ ಬಿರಿಯಿತು. ಅಷ್ಟನ್ನೂ ಕೆರೆದು ಮತ್ತೆ ಹಾಕಿಸಲಾಯಿತು. ಅನಂತರ ಅಡಿಕೆ ಸಸಿಗಳ ಮೇಲೆ ಕಟ್ಟುವ ನೆರಳಿನ ಬಲೆಯನ್ನು ಇಡೀ ಅಟ್ಟಣಿಗೆಗೆ ಇಳಿಬಿಟ್ಟು, ಒಳಗೆ ಒದ್ದೆ ಗೋಣಿ ತೂಗುಹಾಕಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸುವ ವ್ಯವಸ್ಥೆ ಮಾಡಿದೆವು. ಈ ಕೆಲಸವನ್ನು ವಾರ್ಡಿನ ಮುಖಂಡರಾದ ಗುರ್ಕಾರರ ಮನೆಯವರು ಸರದಿಯಂತೆ ವಹಿಸಿಕೊಂಡರು. ಸುಣ್ಣದ ಕೆಲಸದಲ್ಲಿ ಅರ್ಧ ಕೂಲಿ ಈ ನೀರಿನದ್ದೇ ಎಂದು ನನಗೆ ಅನ್ನಿಸಿದೆ. ಬೇಸಗೆ ಮಳೆಯೊಂದು ಅನಿರೀಕ್ಷಿತವಾಗಿ ಬಂದಾಗಲೂ ಬಲೆ ಇದ್ದುದರಿಂದ ನಯ ಪದರ ಉಳಿಯಿತು.

ಮುಚ್ಚಿದ ಬಾಗಿಲನ್ನು ತೆರೆಯಬೇಕೆಂದು ಊರವರಲ್ಲಿ ಅನೇಕರು ಬಯಸಿದರು. ತುಂಬಿದ ಕಲ್ಲಿನ ಮೇಲೆ ಈಗ ಎಷ್ಟು ಭಾರ ಕೂತಿದೆಯೆಂದು ಲೆಕ್ಕ ಹಾಕದೆ ತೆರೆಯುವುದು ಅಪಾಯ, ಉಬ್ಬು ಇರುವುದು ಪಕ್ಕದಲ್ಲೇ. ಹಾಗಾಗಿ ತುಂಬಿದ ಭಾಗದ ಗಾರೆಯನ್ನು ಕಮಾನಿಗಿಂತ ಎರಡು ಅಂಗುಲ ಒಳಕ್ಕೆ ನಿಲ್ಲಿಸಿ, ಕಮಾನಿನ ಕಲ್ಲುಗಳಿಗೆ ಗಾರೆ ಹಾಕದೆ ತೆರೆದೇ ಬಿಟ್ಟೆವು. ಬಾಗಿಲು ಎಲ್ಲಿತ್ತೆಂಬುದು ಈಗ ಯಾರಿಗೂ ಕಾಣುತ್ತದೆ.

7. ಅಂಗಳದ ನೀರು

ಗೋಡೆಯ ಬುಡದವರೆಗೆ ಹಾಸಿದ್ದ ಇಂಟರ್‌ಲಾಕ್ ಇಟ್ಟಿಗೆಗಳಿಂದಾಗಿ ಮಾಡಿನಿಂದ ಬಿದ್ದ ನೀರು ಸಿಡಿದು ಗೋಡೆಗೇ ಹಾರುತ್ತಿತ್ತು, ನೆಲವೂ ಒಳಗಿನ ನೆಲಕ್ಕಿಂತ ಮೂರು ಅಂಗುಲ ಎತ್ತರವಾಗಿತ್ತು. ಗೋಡೆಯುದ್ದಕ್ಕೂ ಮೂರು ಅಡಿ ಅಗಲಕ್ಕೆ ಇಟ್ಟಿಗೆ ತೆಗೆದು, ಒಂದೂವರೆ ಅಡಿ ಅಗೆದು, ಜಲ್ಲಿ ತುಂಬಿ, ಪಡುವಣ ಚರಂಡಿಗೆ ಇಳಿಜಾರು ಕೊಡಲಾಯಿತು. ಅಡಿಪಾಯದ ಕಲ್ಲಿಗಿಂತ ಕೆಳಗೆ ಅಗೆಯಲಿಲ್ಲ.

8. ಸುಣ್ಣ ಬಳಿಯುವುದು ಮತ್ತು ಲೆಕ್ಕ (ಮೇ)

ಬಣ್ಣದ ಬದಲು ತೆಳುವಾದ ಸುಣ್ಣದ ಐದು ಕೈ. ಕೊನೆಯ ಎರಡು ಕೈಗೆ ಹಳೆಯ ಚೂರಿನಲ್ಲಿ ಕಂಡ ಕಾವಿಹಳದಿಯನ್ನು ಹೋಲಿಸಿ ಬೆರೆಸಿದೆವು. ಒಳಗಡೆಯೂ ಐದು ಅಡಿ ಎತ್ತರಕ್ಕೆ ಇದೇ ಪಾಕದ ಗಾರೆ, ಆದರೆ ಅದರ ಮೇಲೆ ಸದ್ಯ ಒಂದೇ ಕೈ ಸುಣ್ಣ. ಗೋಡೆಯಲ್ಲಿ ಉಳಿದ ಉಪ್ಪು ಹೊರಬರಲು ಇನ್ನೂ ಸಮಯ ಬೇಕು. ಹೊರಬಂದ ಉಪ್ಪನ್ನು ಒಣ ಬ್ರಶ್ಶಿನಿಂದ ಗುಡಿಸಿ ತೆಗೆಯಬೇಕು, ನೀರಿನಿಂದ ತೊಳೆದರೆ ಅದು ಮತ್ತೆ ಒಳಕ್ಕೇ ಹೋಗುತ್ತದೆ.

ಖರ್ಚು: ಕೂಲಿ 2,46,000 ರೂಪಾಯಿ, ಹಂಚು, ರೀಪು, ಮರ 58,000, ಅಂಗಳ ಮತ್ತು ಚರಂಡಿ 27,000, ಸುಣ್ಣ 21,000, ಮರಳು 14,500, ಅಟ್ಟಣಿಗೆ 12,000, ಕಲ್ಲು 4,500. ಒಟ್ಟು 3,83,000 ರೂಪಾಯಿ. ಸಿಮೆಂಟಿನಲ್ಲೇ ಮಾಡಿಸಿದ್ದರೆ ಕೂಲಿ ಅರ್ಧಕ್ಕೆ ಇಳಿಯುತ್ತಿತ್ತು. ಮಂಡಳಿಯ ಲೆಕ್ಕದ ಸಭೆಯಲ್ಲಿ ಈ ಪ್ರಶ್ನೆ ಬಂದಾಗ, ಎರಡು ವರ್ಷಕ್ಕೊಮ್ಮೆ ಬಣ್ಣಕ್ಕೆ ಸುರಿದ ಹಣದ ಹಳೆಯ ಲೆಕ್ಕಪುಸ್ತಕವನ್ನೂ ಮೇಜಿನ ಮೇಲಿಟ್ಟೆವು.

9. ಮಳೆಗಾಲದ ನಂತರ

ಆಟಿಯ ಮಳೆಯಲ್ಲಿ ಹೊರಗೋಡೆ ಒದ್ದೆಯಾಗಿ ಕಪ್ಪಗಾಗುತ್ತಿತ್ತು, ಎರಡು ದಿನ ಬಿಸಿಲು ಬಂದರೆ ಮತ್ತೆ ತಿಳಿಯಾಗುತ್ತಿತ್ತು. ಅದನ್ನು ಕಂಡು ಕೆಲವರು ಗಾಬರಿಪಟ್ಟರು. ಸುಣ್ಣದ ಗೋಡೆ ಒದ್ದೆಯಾಗುವುದು ಸಹಜ, ಒಣಗುತ್ತದೆಯೇ ಎಂಬುದಷ್ಟೇ ನೋಡಬೇಕಾದದ್ದು. ಸೆಪ್ಟೆಂಬರ್ 8ರ ತೆನೆಹಬ್ಬದ ವಾರ ಒಳಗಡೆ ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದಾಗ ನಾಲ್ಕು ಅಂಕಣಗಳಲ್ಲಿ ಹನಿ ಇರಲಿಲ್ಲ. ಗುರುಗಳು ಉಡುಪು ಧರಿಸುವ ಕೋಣೆಗೆ ತಾಗಿದ ಮೂಲೆಯಲ್ಲಿ ಮಾತ್ರ ಇನ್ನೂ ತೇವವಿದೆ. ಆ ಕೋಣೆಗೆ ಆಮೇಲೆ ಹಾಕಿದ ಕಾಂಕ್ರೀಟಿನ ಚಪ್ಪಡಿ ಗೋಡೆಗೆ ತೂರಿಕೊಂಡಿದ್ದು, ಅದರ ಮೇಲೆ ನಿಂತ ನೀರು ಕಲ್ಲಿಗೆ ಇಳಿಯುತ್ತಿದೆ. ಗಾರೆಯಿಂದ ಇದಕ್ಕೆ ಪರಿಹಾರವಿಲ್ಲ. ಚಪ್ಪಡಿಯ ಮೇಲೆ ಹಂಚಿನ ಮಾಡು ಇಳಿಸುವ ನಕ್ಷೆ ತಯಾರಾಗುತ್ತಿದೆ. ಪಡುವಣ ಮುಖದ ಸಿಮೆಂಟನ್ನು ತೆಗೆಯುವ ಕೆಲಸ ಡಿಸೆಂಬರಿನಲ್ಲಿ ಆರಂಭವಾಗುತ್ತದೆ. ಅದಕ್ಕೆ ಬೇಕಾದ ಚಿಪ್ಪನ್ನು ಈ ಸಲ ಅಕ್ಟೋಬರಿನಲ್ಲೇ ತರಿಸಿ ಅರಳಿಸಲು ಹೇಳಿದ್ದೇನೆ.